ಬಚ್ಚಲಿನ ಚಿತ್ರವಿಲ್ಲದ ಮನೆ

ಸ್ಕಾಟ್ಲೆಂಡಿನ ಸ್ಕೈ ದ್ವೀಪದಲ್ಲಿ ಐದು ದಿನ ಉಳಿಯಲು ಮನೆ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಇವರು ಬೆಳಿಗ್ಗೆ ಸೈಕಲ್ ಹತ್ತಿ ಆಫೀಸಿಗೆ ಹೊರಟರೆ ಬರುವುದು ಸಂಜೆ ಆರಕ್ಕೆ. ಹದಿನಾಲ್ಕರ ಮಗಳು ನಾಲ್ಕಕ್ಕೇ ಬಂದರೂ ಬಂದವಳೇ ಕೋಣೆಯ ಬಾಗಿಲು ಮುಚ್ಚಿಕೊಳ್ಳುತ್ತಾಳೆ. ನೆದರ್ಲೆಂಡ್ಸಿನ ಐಂಡ್‌ಹೋವನ್ನಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹಗಲೆಲ್ಲ ಇರುವವರು ನಾನು ಮತ್ತು ಮೈಸೂರಿನಿಂದ ಮೂರು ತಿಂಗಳಿಗೆಂದು ಬಂದಿದ್ದ ಅತ್ತೆ, ಇಬ್ಬರೇ. ಊಟದ ಮೇಜಿನ ಒಂದು ಬದಿಗೆ ಲ್ಯಾಪ್‌ಟಾಪ್ ಇಟ್ಟುಕೊಂಡು ನಾನು ಮನೆಗಳನ್ನು ನೋಡುತ್ತಿದ್ದೆ. ಎದುರು ಬದಿಯಲ್ಲಿ ಅವರು ಮೆಂತ್ಯದ ಸೊಪ್ಪು ಬಿಡಿಸುತ್ತಾ ನನ್ನ ಮುಖ ನೋಡುತ್ತಿದ್ದರು.

ದ್ವೀಪದ ಆಸೆ ಅವರದೇ. ಮೂವತ್ತು ವರ್ಷ ಮಿಡಲ್ ಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿದವರು. ನಾಲ್ಕೂ ಕಡೆ ನೀರಿನಿಂದ ಸುತ್ತುವರಿದ ಭೂಭಾಗವೇ ದ್ವೀಪ ಎಂದು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದರೋ, ತಾವು ಮಾತ್ರ ಸಮುದ್ರದ ನಡುವಿನ ಒಂದು ದ್ವೀಪಕ್ಕೂ ಕಾಲಿಟ್ಟಿರಲಿಲ್ಲ. ಇವರು ರೇಗಿಸಿದರು: "ಶ್ರೀರಂಗಪಟ್ಟಣಕ್ಕೆ ಅಷ್ಟು ಸಲ ಹೋಗಿದೀಯಲ್ಲಮ್ಮ, ಅದೂ ದ್ವೀಪಾನೇ ತಾನೇ?"

"ಅದು ನದಿ ದ್ವೀಪ ಕಣೋ. ಸಮುದ್ರದ್ದು ಕೇಳಿದಾಗ ಅದನ್ನ ಬರೆದ್ರೆ ನಾನು ಅರ್ಧ ಮಾರ್ಕೂ ಕೊಡ್ತಿರಲಿಲ್ಲ."

ಆಸೆ ಅಷ್ಟು ಗಟ್ಟಿಯಾಗಿತ್ತು. ಅದಕ್ಕೆ ಅಡ್ಡ ನಿಂತಿದ್ದದ್ದು ಸ್ನಾನ ಒಂದೇ.

ಇದನ್ನು ಬಿಡಿಸಿ ಹೇಳಬೇಕು. ಅತ್ತೆಗೆ ಎಪ್ಪತ್ನಾಲ್ಕು. ಸೊಂಟದ ಮೂಳೆ ಮುರಿದು ಒಳಗೆ ರಾಡು ಹಾಕಿದ್ದಾರೆ. ಸಮನೆಲದ ಮೇಲೆ ಕೋಲು ಹಿಡಿದು ಚೆನ್ನಾಗಿಯೇ ನಡೆಯುತ್ತಾರೆ. ಎತ್ತರದ ಅಂಚನ್ನು ದಾಟಿ ಕಾಲಿಡಲು ಮಾತ್ರ ಆಗುವುದಿಲ್ಲ. ಸ್ನಾನವಾಗದೆ ಒಂದು ಗುಟುಕು ಕಾಫಿಯನ್ನೂ ಬಾಯಿಗೆ ಬಿಡುವವರಲ್ಲ. ಸ್ನಾನವೆಂದರೆ ಸ್ಟೂಲಿನ ಮೇಲೆ ಕುಳಿತು, ಬಕೆಟ್ಟಿನಿಂದ ಚೊಂಬಿನಲ್ಲಿ ಮೊಗೆದು ಹುಯ್ದುಕೊಳ್ಳುವುದು. ಶವರಿನ ಕೆಳಗೆ ನಿಲ್ಲುವುದನ್ನು ಅವರು ಸ್ನಾನದ ಲೆಕ್ಕಕ್ಕೇ ಸೇರಿಸುವುದಿಲ್ಲ.

ಎರಡು ವರ್ಷದ ಹಿಂದೆ ಬಂದಾಗ ಅವರನ್ನು ಇಲ್ಲಿಯದೇ ಝೇಲಂಡ್ ಪ್ರಾಂತ್ಯದ ಕಡಲತೀರಕ್ಕೆ ಕರೆದುಕೊಂಡು ಹೋಗಿದ್ದೆವು. ಮನೆ ಆರಿಸಿದ್ದವಳು ನಾನೇ. ಚಿತ್ರದಲ್ಲಿ ಬಿಳಿ ಟೈಲ್ಸು, ಕಿಟಕಿಯಲ್ಲಿ ಹೂವಿನ ಕುಂಡ, ಮಡಿಸಿಟ್ಟ ಟವೆಲುಗಳು. ಹೋಗಿ ನೋಡಿದರೆ ತೊಡೆಯೆತ್ತರದ ಬಾತ್‌ಟಬ್ಬು. ಚಿತ್ರ ತೆಗೆದವನು ಜಾಣ, ಟಬ್ಬಿನ ಅಂಚು ಕಾಣದ ಹಾಗೆ ಮೂಲೆಯಲ್ಲಿ ನಿಂತು ತೆಗೆದಿದ್ದ. ಮೂರು ದಿನವೂ ಅವರ ಕಾಲನ್ನು ಎತ್ತಿ ಒಳಗಿಟ್ಟು ನಾನೇ ಮೀಯಿಸಬೇಕಾಯಿತು. ಅವರು ಗೋಡೆಯ ಕಡೆ ಮುಖ ತಿರುಗಿಸಿ ಕುಳಿತಿದ್ದರು. ವಾಪಸು ಬರುವಾಗ ಕಾರಿನಲ್ಲಿ, ಯಾರಿಗೂ ಅಲ್ಲವೆಂಬಂತೆ ಹೇಳಿದರು: "ಇನ್ಮೇಲೆ ನನ್ನ ಎಲ್ಲಿಗೂ ಕರ್ಕೊಂಡು ಹೋಗ್ಬೇಡಿ."

ಹಾಗಾಗಿ ಈ ಸಲ ನಾನು ಯಾವ ಚಿತ್ರವನ್ನೂ ನಂಬುವ ಸ್ಥಿತಿಯಲ್ಲಿರಲಿಲ್ಲ.

ಸಂಶಯದಿಂದ ನೋಡತೊಡಗಿದರೆ ಎಷ್ಟೊಂದು ಕಾಣಿಸುತ್ತದೆ! ಊರೊಳಗಿನ ಒಂದು ಮನೆಯ ಅಡುಗೆಕೋಣೆಯಲ್ಲಿ ಗಾಜಿನ ಬಟ್ಟಲು ತುಂಬ ನಿಂಬೆಹಣ್ಣು. ಗುಡ್ಡದಾಚೆಯ ಮತ್ತೊಂದು ಮನೆಯಲ್ಲೂ ಅದೇ ಬಟ್ಟಲು, ಅವೇ ನಿಂಬೆಹಣ್ಣು, ಮೇಲಿನ ಹಣ್ಣಿನ ತೊಟ್ಟಿನ ಬಳಿ ಅದೇ ಕಂದು ಕಲೆ. ಎರಡೂ ಮನೆಗೆ ಒಬ್ಬನೇ ಫೋಟೋಗ್ರಾಫರು ಹಣ್ಣು ಹೊತ್ತುಕೊಂಡು ಹೋಗಿರಬೇಕು. ಅಷ್ಟು ಮಾಡುವವನು ಇನ್ನೇನು ಮಾಡುವುದಿಲ್ಲ? ಇನ್ನೊಂದರಲ್ಲಿ ಮಂಚದ ಪಕ್ಕದ ದೀಪ ಮಂಚಕ್ಕಿಂತ ಉದ್ದಕ್ಕೆ ಕಾಣುತ್ತಿತ್ತು. ಕೋಣೆಯನ್ನು ಹಿಗ್ಗಿಸಿ ತೋರಿಸುವ ಲೆನ್ಸು. ಸಮುದ್ರ ಕಾಣುತ್ತದೆ ಎಂದಿದ್ದ ಮನೆಯ ಚಿತ್ರಗಳಲ್ಲಿ ಎಲ್ಲ ಕಿಟಕಿಗಳ ಪರದೆಯೂ ಎಳೆದಿತ್ತು. ಸಮುದ್ರವಿದ್ದರೆ ಪರದೆ ಯಾರು ಎಳೆಯುತ್ತಾರೆ?

"ಪೋರ್ಟ್ರೀಲಿ ಒಂದು ಹೋಟೆಲ್ ಬುಕ್ ಮಾಡಿ ಮುಗ್ಸು" ಎಂದರು ಇವರು. ದ್ವೀಪದಲ್ಲಿ ಪೇಟೆ ಎನ್ನುವುದೇನಿದ್ದರೂ ಪೋರ್ಟ್ರೀ.

"ಹೋಟೆಲಿನ ಬಾತ್‌ರೂಮ್ ನೋಡಿದ್ದೀರಾ? ನೆಲಕ್ಕಿಂತ ಒಂದು ಮೆಟ್ಟಿಲು ಮೇಲಿದೆ."

"ಎಲ್ಲಿದೆ ಮೆಟ್ಟಿಲು?"

"ಬಾತ್‌ಮ್ಯಾಟಿನ ನೆರಳು ನೋಡಿ. ಅರ್ಧಕ್ಕೆ ಮಡಚಿಕೊಂಡಿದೆ."

ಇವರು ಕನ್ನಡಕ ಹಣೆಗೇರಿಸಿ ನೋಡಿ, "ನೀನು ಪೊಲೀಸ್ ಡಿಪಾರ್ಟ್‌ಮೆಂಟಿಗೆ ಸೇರ್ಬೇಕಿತ್ತು ಕಣೆ" ಎಂದು ಎದ್ದು ಹೋದರು.

ಆ ನಡುವೆ ಕಣ್ಣಿಗೆ ಬಿದ್ದದ್ದು ದ್ವೀಪದ ದಕ್ಷಿಣ ತುದಿಯ ಒಂದು ಒಂಟಿ ಮನೆ. ಬಿಳಿ ಗೋಡೆ, ಕಪ್ಪು ಹಂಚು, ಎಲ್ಲವೂ ನೆಲಮಹಡಿ, ಬಾಗಿಲಿನ ಮುಂದೆ ಮೆಟ್ಟಿಲಿನ ಬದಲು ಇಳಿಜಾರಿನ ಕಲ್ಲುಹಾಸು. ಒಡತಿ ಕೂಗಳತೆಯ ಇನ್ನೊಂದು ಮನೆಯಲ್ಲಿ ಇರುವ ವಯಸ್ಸಾದ ಹೆಂಗಸು. ಹದಿನೆಂಟು ಚಿತ್ರಗಳಿದ್ದವು. ಕುರಿಗಳದ್ದೇ ಮೂರು. ಬಚ್ಚಲುಮನೆಯದು ಒಂದೂ ಇಲ್ಲ.

ಹಿಂದೆ ಅಲ್ಲಿ ತಂಗಿ ಹೋದವರು ಬರೆದದ್ದನ್ನೆಲ್ಲ ಓದಿದೆ. ಎಲ್ಲರೂ ಮನೆಯೊಡತಿಯ ಒಳ್ಳೆಯತನವನ್ನೂ ಬೆಳಗಿನ ಬೆಳಕನ್ನೂ ಹೊಗಳಿದ್ದರು. ಒಬ್ಬರು ಮಾತ್ರ ಕೊನೆಯ ಸಾಲಿನಲ್ಲಿ, ಬಚ್ಚಲು ನೋಡಿ ಮೊದಲು ಸ್ವಲ್ಪ ಗಾಬರಿಯಾಯಿತು, ಆಮೇಲೆ ಒಗ್ಗಿಕೊಂಡೆವು ಎಂದು ಬರೆದಿದ್ದರು. ಗಾಬರಿ ಯಾತಕ್ಕೆ? ಒಗ್ಗಿಕೊಳ್ಳುವಂಥದ್ದು ಏನಿದೆ ಅಲ್ಲಿ? ಆ ಸಾಲನ್ನು ಎಷ್ಟು ಸಲ ಓದಿದೆನೋ.

ಇಷ್ಟರಲ್ಲಿ ಇನ್ನೊಂದು ಸಂಶಯ ಮನೆಯೊಳಗೇ ಹುಟ್ಟಿತು. ಅತ್ತೆ ಪ್ರಯಾಣದ ಮಾತನ್ನು ನಿಲ್ಲಿಸಿದ್ದರು. ತಮ್ಮ ಉಣ್ಣೆಯ ಶಾಲನ್ನು ಮೊಮ್ಮಗಳಿಗೆ, "ನೀನು ಹೊದ್ಕೊ, ಅಲ್ಲಿ ಗಾಳಿ ಜಾಸ್ತಿಯಂತೆ" ಎಂದು ಕೊಟ್ಟುಬಿಟ್ಟರು. ಮಾತ್ರೆಗಳನ್ನು ಎಣಿಸಿ ಐದು ದಿನದ್ದನ್ನು ಬೇರೆ ಡಬ್ಬಿಗೆ ಹಾಕಿದರು. ಹಾಕಿದ ಡಬ್ಬಿಯನ್ನು ಸೂಟ್‌ಕೇಸಿನಲ್ಲಿಡದೆ ಕೈಚೀಲದಲ್ಲಿಟ್ಟರು. ಎರಡು ದಿನ ಬಿಟ್ಟು ಇಂಡಿಯನ್ ಅಂಗಡಿಯಲ್ಲಿ, ಪಕ್ಕದ ಫೆಲ್ಡ್‌ಹೋವನ್ನಿನಲ್ಲಿರುವ ನಮ್ಮ ಬೆಂಗಳೂರಿನ ಗೆಳತಿ ಸಿಕ್ಕಳು.

"ಅಮ್ಮ ನಮ್ಮನೇಲಿ ಐದು ದಿನ ಇರ್ತಾರಂತಲ್ಲ, ನಂಗೆ ತುಂಬಾ ಖುಷಿ ಆಯ್ತು ಕಣೆ. ಬಕೆಟ್ ಇದೆಯಾ ಅಂತ ಕೇಳಿದ್ರು. ಇದೆ ಅಂದೆ."

ನಾನು ಕೈಯಲ್ಲಿದ್ದ ಕರಿಬೇವಿನ ಪ್ಯಾಕೆಟ್ಟು ತಿರುಗಿಸಿ ಬೆಲೆ ಓದತೊಡಗಿದೆ. ನನ್ನ ಹುಡುಕಾಟದ ಮೇಲೆ ಅವರಿಗೆ ನಂಬಿಕೆಯಿಲ್ಲ. ಹಾಗೆಂದು ನನ್ನೆದುರು ಹೇಳಲೂ ಮನಸ್ಸಿಲ್ಲ. ಝೇಲಂಡಿನ ಆ ಗೋಡೆಯ ಕಡೆ ತಿರುಗಿದ ಮುಖ ನೆನಪಾಯಿತು.

ಮನೆಗೆ ಬಂದು ಏನೂ ಗೊತ್ತಿಲ್ಲದವಳ ಹಾಗೆ ಕೇಳಿದೆ: "ಅಮ್ಮ, ನಿಮ್ಮ ಶಾಲು ಬೇಡವಾ? ಅಲ್ಲಿ ಚಳಿ ಇರುತ್ತೆ."

"ಬೇಡಮ್ಮ, ನಂಗೇನು ಚಳಿ."

ಅವರೂ ಏನೂ ಗೊತ್ತಿಲ್ಲದವರ ಹಾಗೆಯೇ ಹೇಳಿದರು.

ಆ ಒಂಟಿ ಮನೆಯ ಒಡತಿಗೆ ಅಂದೇ ಬರೆಯಲು ಕುಳಿತೆ. ಒಂದು ತೊಡಕಿತ್ತು. ಸೊಂಟದ ವಿಷಯ ಹೊರಗಿನವರಿಗೆ ಹೇಳಕೂಡದು ಎಂದು ಅತ್ತೆಯ ಕಟ್ಟಪ್ಪಣೆ. ನಮ್ಮಲ್ಲಿ ಹಾಗೆಯೇ ಅಲ್ಲವೇ, ಮೈಯ ಊನವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅವರ ಆಪರೇಷನ್ನಿನ ವಿಷಯ ಮೈಸೂರಿನಲ್ಲಿ ಎದುರುಮನೆಯವರಿಗೂ ಗೊತ್ತಿಲ್ಲ. ಆ ಒಂದೂವರೆ ತಿಂಗಳು ಅವರು ಮಗಳ ಮನೆಗೆ ಹೋಗಿದ್ದರು ಎಂದೇ ಬೀದಿಯವರೆಲ್ಲ ನಂಬಿದ್ದಾರೆ. ಹಾಗಾಗಿ ನಾನು ಸೊಂಟವನ್ನು ಬಿಟ್ಟು ಸುತ್ತಲಿನದನ್ನೆಲ್ಲ ಕೇಳಿದೆ. ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಾಗದ ಬರೆಯಲು ಕಲಿಸಿದ್ದು ನನಗೆ ಇಂದಿಗೂ ಮರೆತುಹೋಗಿಲ್ಲ. ಮಾನ್ಯ ಮಹನೀಯರೇ ಎಂದು ಶುರುಮಾಡಿ, ತಾವು ಆರೋಗ್ಯದಿಂದಿರುವಿರೆಂದು ಹಾರೈಸಿ, ದಯವಿಟ್ಟು ಈ ಕೆಳಗಿನ ವಿವರಗಳನ್ನು ತಿಳಿಸಬೇಕಾಗಿ ವಿನಂತಿಸಿದೆ. ಬಚ್ಚಲಿನ ನೆಲ ಸಮವಾಗಿದೆಯೇ? ನೀರು ಚೆನ್ನಾಗಿ ಹರಿದುಹೋಗುತ್ತದೆಯೇ? ದೊಡ್ಡ ಬಕೆಟ್ ಇದೆಯೇ? ಒಳಗೆ ಒಂದು ಪ್ಲಾಸ್ಟಿಕ್ ಸ್ಟೂಲು ಇಟ್ಟುಕೊಳ್ಳಬಹುದೇ? ಬಚ್ಚಲಿನ ಒಂದು ಚಿತ್ರ ಕಳುಹಿಸಿದರೆ ಉಪಕಾರವಾಗುತ್ತದೆ.

ಮಗಳು ನೀರು ಕುಡಿಯಲು ಹೊರಬಂದವಳು ಹೆಗಲ ಮೇಲಿಂದ ಓದಿ ಹೌಹಾರಿದಳು. "ಅಮ್ಮಾ! ಇದು ಸ್ಕ್ಯಾಮ್ ಮೇಲ್ ಥರ ಇದೆ. ಯಾರೂ ಹೀಗೆ ಬರೆಯಲ್ಲ. ಲಾಟರಿ ಗೆದ್ದಿದ್ದೀರಿ ಅಂತ ಬರುತ್ತಲ್ಲ, ಸೇಮ್ ಅದೇ."

"ಮರ್ಯಾದೆಯಿಂದ ಬರೆದ್ರೆ ತಪ್ಪೇನೇ?"

"ಡೂ ನೋರ್ಮಾಲ್, ಅಮ್ಮ" ಎಂದಳು. ಸರಿಯಾಗಿರು ಎನ್ನಲು ಇಲ್ಲಿಯ ಮಕ್ಕಳೆಲ್ಲ ಹೇಳುವ ಡಚ್ ಮಾತು. ಅಷ್ಟರಲ್ಲಿ ನಾನು ಕಳುಹಿಸಿಯಾಗಿತ್ತು.

ಉತ್ತರ ಬರಲು ಎರಡು ದಿನ ಹಿಡಿಯಿತು. ಎರಡು ದಿನವೇಕೆ ಎಂಬುದೂ ನನಗೆ ಸಂಶಯವೇ. ಬಂದದ್ದು ನಾಲ್ಕೇ ಸಾಲು. ಬಚ್ಚಲು ಸ್ವಚ್ಛವಾಗಿದೆ, ಬಿಸಿನೀರು ಬರುತ್ತದೆ. ಇಷ್ಟೆಲ್ಲ ಯಾಕೆ ಕೇಳುತ್ತಿದ್ದೀರಿ ಎಂದು ತಿಳಿಯಬಹುದೇ? ಹಿಂದೊಮ್ಮೆ ಉಳಿದಿದ್ದವರು ಹಿಡಿದ ಮೀನನ್ನು ತಂದು ಬಚ್ಚಲಲ್ಲಿ ಹೆಚ್ಚಿ ತೊಳೆದು, ನೀರು ಹೋಗುವ ಕೊಳವೆಯೆಲ್ಲ ಕಟ್ಟಿಕೊಂಡು, ವಾಸನೆ ಹೋಗಲು ತಿಂಗಳು ಹಿಡಿಯಿತು. ನಿಮ್ಮ ಉದ್ದೇಶವೂ ಅದೇ ಆಗಿದ್ದರೆ ಕ್ಷಮಿಸಿ, ಮನೆ ಕೊಡಲಾರೆ.

ಚಿತ್ರ ಕಳುಹಿಸಿರಲಿಲ್ಲ.

ಇವರು ಸೋಫಾದ ಮೇಲೆ ಬಿದ್ದು ಬಿದ್ದು ನಕ್ಕರು. "ಸಮನೆಲ, ಬಕೆಟ್ಟು, ಸ್ಟೂಲು, ನೀರು ಹರಿದುಹೋಗ್ಬೇಕು! ಅಲ್ವೇ, ಮೀನು ಸೀಳಕ್ಕೆ ಇದಕ್ಕಿಂತ ಇನ್ನೇನು ಬೇಕು?"

ನನಗೆ ನಗು ಬರಲಿಲ್ಲ. "ಚಿತ್ರ ಕಳ್ಸಿಲ್ಲ ನೋಡಿ. ಮೀನಿನ ಕಥೆ ಹೇಳಿ ಮಾತು ಮರೆಸ್ತಿದಾರೆ. ಅಲ್ಲೇನೋ ಇದೆ."

"ಏನಿರುತ್ತೆ? ಹೆಣ ಹೂತಿರ್ತಾರಾ?"

"ಮೆಲ್ಲಗೆ ಮಾತಾಡಿ. ಅಮ್ಮನಿಗೆ ಕೇಳ್ಸುತ್ತೆ."

ಅಮ್ಮನಿಗೆ ಆಗಲೇ ಕೇಳಿಸಿತ್ತು. ಕೋಲು ಊರಿಕೊಂಡು ಬಂದು ಬಾಗಿಲಲ್ಲಿ ನಿಂತಿದ್ದರು. ಏಕಾದಶಿಯಂದು ಒಲೆ ಪಕ್ಕ ಈರುಳ್ಳಿಯ ಸಿಪ್ಪೆ ಕಂಡರೂ ಅಡುಗೆಮನೆಗೆ ಬರದವರು ಅವರು.

"ಯಾರು ಮೀನು ಹೆಚ್ಚೋದು?"

ಇವರ ನಗು ನಿಂತಿತು. ನಾನು ಏನೋ ಹೇಳಿ ತಪ್ಪಿಸಿಕೊಳ್ಳಲು ನೋಡಿದೆ, ಆಗಲಿಲ್ಲ. ಓದಿ ಹೇಳಬೇಕಾಯಿತು. ಅವರು ಪೂರ್ತಿ ಕೇಳಿಸಿಕೊಂಡು ಕುರ್ಚಿ ಎಳೆದು ಕುಳಿತರು.

"ನಾವು ಬಚ್ಚಲಲ್ಲಿ ಮೀನು ಹೆಚ್ತೀವಿ ಅಂದ್ಕೊಂಡಿದಾಳಾ ಆ ಮಹಾತಾಯಿ?"

"ತಪ್ಪು ತಿಳ್ಕೊಂಡಿದಾರೆ ಅಮ್ಮ, ಅಷ್ಟೇ."

"ತಪ್ಪು ತಿಳ್ಕೊಳ್ದೆ ಇನ್ನೇನು? ನೀನು ಏನು ಬರೆದೆ, ಓದು." ಓದಿದೆ. ಶಾಲೆಯಲ್ಲಿ ಉತ್ತರಪತ್ರಿಕೆ ನೋಡುವಾಗ ಹೀಗೆಯೇ ತುಟಿ ಬಿಗಿಯುತ್ತಿದ್ದರೇನೋ. "ನೆಲ ಕೇಳಿದೀಯ, ಬಕೆಟ್ಟು ಕೇಳಿದೀಯ. ಯಾರಿಗೆ, ಯಾಕೆ ಅಂತ ಬರೆದೇ ಇಲ್ಲ. ಸೊನ್ನೆ. ತಗೊ, ನಾನು ಹೇಳ್ತೀನಿ, ಬರಿ."

"ಅಮ್ಮ, ನೀವೇ ಹೇಳಿದ್ರಲ್ಲ, ಹೊರಗಿನವರಿಗೆ..."

"ಬರಿ ಅಂದೆ. ನನಗೆ ಎಪ್ಪತ್ನಾಲ್ಕು ವರ್ಷ. ಸೊಂಟದಲ್ಲಿ ರಾಡಿದೆ. ಟಬ್ಬಿನೊಳಕ್ಕೆ ಕಾಲು ಎತ್ತಿಡಕ್ಕಾಗಲ್ಲ. ಕೂತ್ಕೊಂಡು ಬಕೆಟ್ಟಲ್ಲಿ ಸ್ನಾನ ಮಾಡ್ತೀನಿ, ನಾನೊಬ್ಬಳೇ ಮಾಡ್ತೀನಿ, ಇನ್ನೊಬ್ಬರು ಮಾಡ್ಸೋದು ನಂಗೆ ಆಗಲ್ಲ. ಅದಕ್ಕೆ ಕೇಳಿದ್ದು. ಮೀನಿಗೂ ನಮಗೂ ಯಾವ ಸಂಬಂಧಾನೂ ಇಲ್ಲ." ಸ್ವಲ್ಪ ತಡೆದು, "ಬಚ್ಚಲು ನನಗೆ ಆಗ್ದೇ ಇದ್ರೆ ಈಗಲೇ ಹೇಳ್ಬಿಡಿ, ಇವರು ಹೋಗ್ಬರ್ತಾರೆ, ನಾನು ಇಲ್ಲೇ ಇರ್ತೀನಿ ಅಂತಾನೂ ಬರಿ" ಎಂದರು.

ಇನ್ನೊಬ್ಬರು ಮಾಡಿಸುವುದು ಆಗುವುದಿಲ್ಲ ಎಂಬ ಮಾತನ್ನು ಇಂಗ್ಲಿಷಿಗೆ ತಿರುಗಿಸುವಾಗ ನನ್ನ ಬೆರಳು ನಿಧಾನವಾಯಿತು. ಎರಡು ವರ್ಷದಿಂದ ಅವರು ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಈಗಲೂ ನನಗೆ ಹೇಳಲಿಲ್ಲ, ಸ್ಕಾಟ್ಲೆಂಡಿನ ಯಾರೋ ಹೆಂಗಸಿಗೆ ಹೇಳುತ್ತಿದ್ದರು. ಮಹನೀಯರೇ, ವಿನಂತಿ, ಉಪಕಾರ ಒಂದನ್ನೂ ಸೇರಿಸದೆ ಅವರಂದಂತೆಯೇ ಕಳುಹಿಸಿದೆ.

ಈ ಸಲ ಉತ್ತರಕ್ಕೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ಮೊದಲು ಬಂದದ್ದೇ ಚಿತ್ರ. ಬೂದು ಬಣ್ಣದ ಸಮನೆಲ, ಅಂಚಿಲ್ಲ, ಟಬ್ಬಿಲ್ಲ. ಗೋಡೆಯ ಉದ್ದಕ್ಕೂ ಹಿಡಿದುಕೊಳ್ಳಲು ದಪ್ಪ ಬಿಳಿ ಕಂಬಿಗಳು, ಗೋಡೆಗೇ ಸೇರಿಸಿದ ಮಡಿಸುವ ಕುರ್ಚಿ, ಕುರ್ಚಿಯ ಪಕ್ಕ ಕೈಗೆಟಕುವಂತೆ, ಬಿದ್ದರೆ ಎಳೆದು ಗಂಟೆ ಬಾರಿಸಲು ಕೆಂಪು ದಾರ. ಆಸ್ಪತ್ರೆಯ ಹಾಗೆಯೇ ಇತ್ತು. ಕೆಳಗೆ ಆಕೆ ಬರೆದಿದ್ದರು: ಇದನ್ನು ಗಂಡನಿಗಾಗಿ ಮಾಡಿಸಿದ್ದು, ಅವರು ನಾಲ್ಕು ವರ್ಷ ಹಾಸಿಗೆ ಹಿಡಿದಿದ್ದರು. ಮೊದಲು ಚಿತ್ರ ಹಾಕಿದ್ದೆ. ರಜೆ ಕಳೆಯಲು ಬರುವವರು ಅದನ್ನು ನೋಡಿ ಹಿಂದೆ ಸರಿಯುತ್ತಿದ್ದರು, ಅದಕ್ಕೆ ತೆಗೆದೆ. ಕಿತ್ತುಹಾಕಿಸಿ ಎಂದು ಮಕ್ಕಳು ಹೇಳುತ್ತಾರೆ, ನನಗೆ ಮನಸ್ಸಾಗಿಲ್ಲ. ಬಕೆಟ್ ಒಲೆಯ ಬೂದಿ ಎತ್ತುವುದು ಒಂದಿದೆ, ಅದು ಬೇಡ, ಹೊಸದು ತರುತ್ತೇನೆ. ಮೀನಿನ ಮಾತಿಗೆ ನಿಮ್ಮ ಅಮ್ಮನ ಕ್ಷಮೆ ಕೇಳಿದೆನೆಂದು ಹೇಳಿ.

ಅತ್ತೆ ಚಿತ್ರವನ್ನು ಬಹಳ ಹೊತ್ತು ನೋಡಿದರು. ಗಂಡನಿಗೆ ಏನಾಗಿತ್ತಂತೆ ಎಂದು ಕೇಳಿದರು. ಬರೆದಿಲ್ಲ ಎಂದೆ. "ಹೂಂ, ಹೇಳಲ್ಲ" ಎಂದು ತಲೆಯಾಡಿಸಿ ಎದ್ದು ಹೋದರು. ಸ್ವಲ್ಪ ಹೊತ್ತಿಗೆ ಅವರ ಕೋಣೆಯಿಂದ ಫೋನಿನ ಮಾತು ಕೇಳಿಸಿತು: "ಇಲ್ಲಮ್ಮ, ನಿಮ್ಮನೆಗೆ ಬರಲ್ಲ ನಾನು... ಇವರೆಲ್ಲ ಬಿಡ್ತಿಲ್ಲ ನೋಡು, ಬರ್ಲೇಬೇಕು ಅಂತ ಹಟ ಮಾಡ್ತಿದಾರೆ."

ನನ್ನ ಸಂಶಯ ಅಷ್ಟಕ್ಕೇ ತೀರಿತೆಂದೇನಲ್ಲ. ಚಿತ್ರ ಅದೇ ಮನೆಯದೆಂದು ಏನು ಖಾತ್ರಿ? ದೊಡ್ಡದು ಮಾಡಿ ನೋಡಿದೆ. ನಲ್ಲಿಯ ಹೊಳಪಿನಲ್ಲಿ ಫೋನು ಹಿಡಿದ ಕೈ ಕಂಡಿತು, ಮೊಣಕೈವರೆಗೆ ಹಳದಿ ರಬ್ಬರ್ ಗವಸು. ನಮ್ಮ ಕಾಗದ ಓದಿದ ಕೂಡಲೇ ಬಚ್ಚಲು ಉಜ್ಜಲು ಹೊರಟಿದ್ದರೋ ಏನೋ. ಆ ಗವಸನ್ನು ನೋಡಿ ಬುಕ್ ಮಾಡಿದೆ. ಇವರಿಗೆ ಕಾರಣ ಹೇಳಲು ಹೋಗಲಿಲ್ಲ.

ಐಮೌಡನ್ ಬಂದರಿನಿಂದ ಹಡಗಿನಲ್ಲಿ ಕಾರು ಸಮೇತ ಕಡಲು ದಾಟಿ, ಒಂದು ದಿನವಿಡೀ ರಸ್ತೆಯ ಎಡಗಡೆಗೆ ಓಡಿಸಿಕೊಂಡು ದ್ವೀಪ ತಲುಪಿದೆವು. ಅತ್ತೆ ದಾರಿಯಲ್ಲಿ ಸೇತುವೆ ಬಂದಾಗ ಮಾತ್ರ ಮುಖ ಸಣ್ಣದು ಮಾಡಿದರು. ದ್ವೀಪಕ್ಕೆ ಸೇತುವೆ ಇರಬಾರದಿತ್ತೆಂದು ಅವರ ಅಭಿಪ್ರಾಯ. ಮನೆಯೊಡತಿ ಬಾಗಿಲಲ್ಲೇ ನಿಂತಿದ್ದರು. ಇಬ್ಬರು ಮುದುಕಿಯರೂ ಕೈಕುಲುಕಿ ಒಬ್ಬರನ್ನೊಬ್ಬರು ಅಡಿಯಿಂದ ಮುಡಿಯವರೆಗೆ ನೋಡಿದರು. ಮಾತು ಒಬ್ಬರದು ಇನ್ನೊಬ್ಬರಿಗೆ ತಿಳಿಯಲಿಲ್ಲ. ಒಡತಿ ಹೋದ ಮೇಲೆ ನಾನು ಮೊದಲು ಮಾಡಿದ ಕೆಲಸ, ಕಂಬಿಗಳನ್ನು ಒಂದೊಂದಾಗಿ ಜಗ್ಗಿ ನೋಡಿದ್ದು. ಕುರ್ಚಿಯ ಮೇಲೆ ನಾನೇ ಕುಳಿತು ಕುಲುಕಿದೆ. ನೆಲಕ್ಕೆ ಸೋಪಿನ ನೀರು ಚೆಲ್ಲಿ ಬರಿಗಾಲಿನಲ್ಲಿ ಉಜ್ಜಿ ನೋಡಿದೆ.

ಮರುದಿನ ಬೆಳಿಗ್ಗೆ ಇವರೂ ಮಗಳೂ ಕುರಿ ನೋಡಲು ಹೊರಗೆ ಹೋಗಿದ್ದರು. ಅತ್ತೆ ಸೀರೆ, ಟವೆಲು ಹೆಗಲಿಗೆ ಹಾಕಿಕೊಂಡು ಹೊರಟರು.

"ಅಮ್ಮ, ಬೋಲ್ಟ್ ಹಾಕ್ಬೇಡಿ. ಸುಮ್ನೆ ಮುಂದೆ ಮಾಡ್ಕೊಳ್ಳಿ."

"ಆಯ್ತಮ್ಮ" ಎಂದರು. ಒಳಗೆ ಹೋಗಿ ಬೋಲ್ಟು ಹಾಕಿದ ಸದ್ದಾಯಿತು.

ನಾನು ಚಪ್ಪಲಿ ಬಿಟ್ಟು ಬಾಗಿಲ ಹತ್ತಿರ ನಿಂತೆ. ಬಕೆಟ್ಟಿಗೆ ನೀರು ತುಂಬುತ್ತಿತ್ತು. ನಲ್ಲಿ ನಿಂತಿತು. ಕೋಲನ್ನು ಗೋಡೆಗೊರಗಿಸಿದ್ದು ಕೇಳಿಸಿತು. ಆಮೇಲೆ ಏನೂ ಇಲ್ಲ. ಕುರ್ಚಿಯ ಕೀಲು ಕಿರುಗುಟ್ಟಬೇಕಿತ್ತಲ್ಲ, ನಿನ್ನೆ ನಾನು ಕುಳಿತಾಗ ಕಿರುಗುಟ್ಟಿತ್ತು. ಜಾರಿದರೇ? ಕೂಗಲೇ? ಕೆಂಪು ದಾರ ಯಾವ ಕಡೆ ಇತ್ತು, ಅವರ ಬಲಕ್ಕೋ ಎಡಕ್ಕೋ? ನಾನು ಕಿವಿಯನ್ನು ಬಾಗಿಲಿಗೆ ಆನಿಸಿದೆ.

"ಬಾಗಿಲ ಕೆಳಗೆ ನಿನ್ನ ಕಾಲು ಕಾಣಿಸ್ತಿದೆ" ಎಂದಿತು ಒಳಗಿನ ಧ್ವನಿ. "ಹೋಗಮ್ಮ, ಕಾಫಿಗೆ ನೀರಿಡು."

ಅಡುಗೆಮನೆಗೆ ಬಂದೆ. ಅಲ್ಲಿಂದಲೂ ಕೇಳಿಸುತ್ತಿತ್ತು, ಚೊಂಬು ಬಕೆಟ್ಟಿಗೆ ತಾಗುವುದು, ಒಂದು ಚೊಂಬು ಹುಯ್ದು ಇನ್ನೊಂದು ಹುಯ್ಯುವ ನಡುವಿನ ಬಿಡುವು. ಆ ಬಿಡುವನ್ನು ನಾನು ಅಳೆಯುತ್ತಿದ್ದೇನೆಂದು ಅರಿವಾಯಿತು. ಕೆಟಲಿನಲ್ಲಿ ಬೇಕಾದ್ದಕ್ಕಿಂತ ಹೆಚ್ಚು ನೀರು ತುಂಬಿ ಸ್ವಿಚ್ ಒತ್ತಿದೆ. ಹಳೆಯ ಕೆಟಲು, ಗುರ್ರೆಂದು ದೊಡ್ಡ ಸದ್ದು ಮಾಡುತ್ತಿತ್ತು. ಅದು ಕಾಯತೊಡಗಿದ ಮೇಲೆ ಬಚ್ಚಲ ಕಡೆಯಿಂದ ನನಗೆ ಏನೂ ಕೇಳಿಸಲಿಲ್ಲ.